ರೂಹ್, ದೇಹ ಮತ್ತು ಮರೆವಿನಲ್ಲಿರುವ ತಾಯಿ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮದೀನಾದ ಒಂದು ಹೊಲದಲ್ಲಿ ಖರ್ಜೂರದ ದಂಟಿನ ಕೋಲನ್ನು ಊರಿಕೊಂಡಿದ್ದರು. ಆ ದಾರಿಯಾಗಿ ಬಂದ ಕೆಲವು ಯಹೂದಿಯರು ರೂಹ್‌ನ ಕುರಿತು ಅವರನ್ನು ಪ್ರಶ್ನಿಸಿದರು. ಪ್ರವಾದಿಯವರು(ಸ) ಒಡನೆ ಉತ್ತರಿಸಲಿಲ್ಲ, ಮೌನವಾದರು. ದಿವ್ಯವಾಣಿ ಅವತೀರ್ಣವಾಗುತ್ತಿದೆ ಎಂಬುದು ಜೊತೆಯಲ್ಲಿದ್ದ ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ)ರಿಗೆ ಅರಿವಾಯಿತು. ಸಹೀಹ್ ಬುಖಾರಿಯಲ್ಲಿ ಅವರಿಂದಲೇ ಈ ಘಟನೆ ವರದಿಯಾಗಿದೆ. ಆಗ ಬಂದ ಉತ್ತರವೇ ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 85ನೆಯ ಸೂಕ್ತ. ರೂಹ್ ಎಂಬುದು ಪ್ರಭುವಿನ ಆಜ್ಞೆಗೆ ಸೇರಿದ್ದು, ಮನುಷ್ಯರಿಗೆ ಕೊಡಲಾಗಿರುವ ಜ್ಞಾನವಾದರೋ ಅತ್ಯಲ್ಪ ಎಂಬುದು ಅದರ ಸಾರ.

ಉತ್ತರ ಚಿಕ್ಕದು. ಆದರೆ ಮನುಷ್ಯ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಆತ್ಮ ಯಾವುದು, ದೇಹ ಯಾವುದು, ಇವೆರಡನ್ನೂ ಕಟ್ಟಿರುವ ಗಂಟು ಯಾವುದು ಎಂದು ಶತಮಾನಗಳ ಕಾಲ ವಾದ ನಡೆಯಿತು. ಅದರಲ್ಲೂ 16 ಮತ್ತು 17ನೆಯ ಶತಮಾನಗಳಲ್ಲಿ ಈ ವಾದ ಜಗತ್ತಿನ ಹಲವು ಮೂಲೆಗಳಲ್ಲಿ ಏಕಕಾಲಕ್ಕೆ ತೀವ್ರಗೊಂಡಿತು.

ಇಂದು ಅದು ಗ್ರಂಥಗಳಿಂದ ಇಳಿದು ನಮ್ಮ ಮನೆಗಳ ಒಳಕೋಣೆಗೆ ಬಂದಿದೆ. ಜನರ ಆಯುಷ್ಯ ಹೆಚ್ಚಿದೆ. ಅದರೊಂದಿಗೆ ಡಿಮೆನ್ಷಿಯಾ, ಅಲ್ಝೈಮರ್ ಎಂಬ ಹೆಸರುಗಳೂ ಮನೆಮಾತಾಗಿವೆ. ಮಕ್ಕಳ ಹೆಸರನ್ನು ಮರೆತ, ಹಗಲು ರಾತ್ರಿಗಳ ಭೇದವನ್ನು ಮರೆತ ಹಿರಿಯರನ್ನು ನೋಡಲು ಬಂದವರು ಒಂದು ಮಾತು ಆಡುವುದುಂಟು: “ರೂಹ್ ಎಂದೋ ಹೋಗಿದೆ, ಇಲ್ಲಿ ಉಳಿದಿರುವುದು ದೇಹ ಮಾತ್ರ.” ನನ್ನ ತಾಯಿಯ ಹಾಸಿಗೆಯ ಬಳಿಯೂ ಬಂಧುವೊಬ್ಬರು ಇದನ್ನೇ ಹೇಳಿದರು. ಪ್ರೀತಿಯಿಂದಲೇ, ನಮ್ಮ ಕಷ್ಟವನ್ನು ಕಂಡು ಮರುಗಿಯೇ ಹೇಳಿದರು. ಆದರೆ ಈ ಮಾತು ನಿಜವೇ? ನಿಜವೆಂದು ನಂಬಿದರೆ ಆ ಹಾಸಿಗೆಯಲ್ಲಿರುವವರೊಂದಿಗೆ ನಮ್ಮ ನಡವಳಿಕೆ ಏನಾದೀತು? ಈ ಎರಡು ಪ್ರಶ್ನೆಗಳಿಗಾಗಿ ಆ ಹಳೆಯ ವಾದಗಳ ಕಡೆಗೆ ಸ್ವಲ್ಪ ನೋಡಬೇಕಾಗಿದೆ.

ಸೋಂದೆಯ ಮೂರು ಉತ್ತರಗಳು

ನಮ್ಮ ಜಿಲ್ಲೆಯಿಂದಲೇ ಆರಂಭಿಸೋಣ. ಉತ್ತರ ಕನ್ನಡದ ಸಿರಸಿ ತಾಲೂಕಿನಲ್ಲಿ ಸೋಂದೆ ಅಥವಾ ಸೋದೆ ಎಂಬ ಊರಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಅರಸಪ್ಪ ನಾಯಕನ ಆಶ್ರಯದಲ್ಲಿ ಮಾಧ್ವ ಯತಿಗಳಾದ ವಾದಿರಾಜರು ಅಲ್ಲಿ ನೆಲೆಸಿದರು. ಅದೇ ಪರಿಸರದಲ್ಲಿ ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠವಿದೆ, ಜೈನ ಮಠವೂ ಇದೆ. ಕೆಲವೇ ಮೈಲಿಗಳ ಅಂತರದಲ್ಲಿ ಆತ್ಮದ ಕುರಿತು ಮೂರು ಸಿದ್ಧಾಂತಗಳು ನೆರೆಹೊರೆಯಾಗಿ ಬದುಕಿವೆ.

ಜೈನರ ಪ್ರಕಾರ ಜೀವಕ್ಕೆ ದೇಹದಷ್ಟೇ ಗಾತ್ರ. ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು. ಒಂದೇ ದೀಪದ ಬೆಳಕು ಗುಡಿಸಲಿನಲ್ಲಿಟ್ಟರೆ ಗುಡಿಸಲನ್ನೂ ಹಜಾರದಲ್ಲಿಟ್ಟರೆ ಹಜಾರವನ್ನೂ ತುಂಬುವಂತೆ. ಮಾಧ್ವರ ಪ್ರಕಾರ ಜೀವ ಅಣುಮಾತ್ರ. ಅದು ಹೃದಯದಲ್ಲಿದ್ದು ತನ್ನ ಚೈತನ್ಯದಿಂದ ದೇಹವನ್ನೆಲ್ಲ ವ್ಯಾಪಿಸುತ್ತದೆ, ಒಂದು ಜೀವ ಇನ್ನೊಂದರಿಂದ ಬೇರೆ, ಎಲ್ಲ ಜೀವಗಳೂ ದೇವರಿಂದ ಬೇರೆ. ಅದ್ವೈತಿಗಳ ಪ್ರಕಾರ ಆತ್ಮ ಒಂದೇ ಮತ್ತು ಸರ್ವವ್ಯಾಪಿ. ಗಡಿಗೆಯೊಳಗಿನ ಬಯಲು ಹೊರಗಿನ ಬಯಲಿಗಿಂತ ಬೇರೆಯೆಂದು ತೋರುವುದು ಗಡಿಗೆಯಿಂದ ಮಾತ್ರ.

ಭಟ್ಕಳಕ್ಕೆ ಈ ಚರ್ಚೆ ದೂರದ್ದಾಗಿರಲಿಲ್ಲ. ನಮ್ಮ ತಾಲೂಕಿನ ಹಾಡುವಳ್ಳಿ ಅಂದು ಸಂಗೀತಪುರವೆಂಬ ಹೆಸರಿನ ಜೈನ ವಿದ್ಯಾಕೇಂದ್ರ. ಅಲ್ಲಿನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ. ಕನ್ನಡ ಬಿ.ಎ. ತರಗತಿಯಲ್ಲಿ ಈ ವ್ಯಾಕರಣದ 592 ಸೂತ್ರಗಳ ಬಗ್ಗೆ ಕೇಳಿದಾಗ, ಅದು ನಮ್ಮ ಪಕ್ಕದ ಊರಿನ ವಿದ್ವತ್ತು ಎಂಬುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಅದಕ್ಕೂ ಮುನ್ನ ಮೂಡಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಬರೆದಿದ್ದ. ಆತ್ಮವನ್ನೂ ದೇಹವನ್ನೂ ಬೇರೆ ಬೇರೆಯಾಗಿ ಅರಿಯುವ ಭೇದವಿಜ್ಞಾನವೇ ಆ ಕಾವ್ಯದ ಹೃದಯ. ಅದೇ ಕಾಲದಲ್ಲಿ ಹೊರ್ಮುಜ್‌ನಿಂದ ಕುದುರೆಗಳನ್ನು ಹೊತ್ತ ಹಡಗುಗಳು ಭಟ್ಕಳದ ಬಂದರಿಗೆ ಬರುತ್ತಿದ್ದವು. ಜೈನರು, ಕೊಂಕಣಿಗರು, ನವಾಯತರು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದರು.

ಈ ಮೂರು ದರ್ಶನಗಳು ತಮ್ಮೊಳಗೆ ಎಷ್ಟೇ ವಾದಿಸಿದರೂ ಒಂದು ವಿಷಯದಲ್ಲಿ ಒಂದಾಗಿವೆ. ಆತ್ಮ ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಪಡೆಯುತ್ತದೆ, ಕೊನೆಗೆ ದೇಹದ ಬಂಧನದಿಂದ ಬಿಡುಗಡೆ ಹೊಂದುವುದೇ ಗುರಿ ಎಂದು ಅವು ಹೇಳುತ್ತವೆ. ಇಸ್ಲಾಮ್ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅದರ ದೃಷ್ಟಿಯಲ್ಲಿ ದೇಹ ಕಳಚಿ ಎಸೆಯುವ ಅಂಗಿಯಲ್ಲ. ಅಲ್ಲಾಹನು ಇದೇ ಮನುಷ್ಯನನ್ನು, ಅವನ ಬೆರಳ ತುದಿಗಳ ಸಮೇತ, ಮತ್ತೆ ಎಬ್ಬಿಸುತ್ತಾನೆ ಎಂದು ಅಲ್ ಕಿಯಾಮಃ ಅಧ್ಯಾಯ ಸಾರುತ್ತದೆ. ನೆರೆಯವರ ನಂಬಿಕೆಯನ್ನು ಗೌರವದಿಂದ ಅರಿತಾಗ ನಮ್ಮ ನಂಬಿಕೆಯ ಗೆರೆಯೂ ನಮಗೆ ಸ್ಪಷ್ಟವಾಗುತ್ತದೆ.

ಒಬ್ಬ ರಾಜಕುವರಿಯ ಪ್ರಶ್ನೆ

ಯೂರೋಪಿನಲ್ಲಿ 1641ರಲ್ಲಿ ಫ್ರಾನ್ಸ್‌ನ ರೆನೆ ಡೆಕಾರ್ಟ್ ತನ್ನ ಪ್ರಸಿದ್ಧ ಕೃತಿ ‘ಮೆಡಿಟೇಷನ್ಸ್’ ಪ್ರಕಟಿಸಿದ. ಅವನು ನೆದರ್ಲೆಂಡ್ಸ್‌ನಲ್ಲಿ ವಾಸವಾಗಿದ್ದ ಕಾಲವದು. ಆತ್ಮದ ಲಕ್ಷಣ ಚಿಂತನೆ, ಅದಕ್ಕೆ ಉದ್ದಗಲಗಳಿಲ್ಲ. ದೇಹದ ಲಕ್ಷಣ ಉದ್ದಗಲ, ಅದಕ್ಕೆ ಚಿಂತನೆಯಿಲ್ಲ. ಎರಡೂ ಸಂಪೂರ್ಣ ಬೇರೆ ಎಂದು ಅವನು ವಾದಿಸಿದ. ಇದಕ್ಕೆ ಆರು ಶತಮಾನಗಳ ಹಿಂದೆಯೇ ಇಬ್ನು ಸೀನಾ ಇಂತಹ ಒಂದು ಕಲ್ಪನೆಯನ್ನು ಮುಂದಿಟ್ಟಿದ್ದರು. ಕಣ್ಣು, ಕಿವಿ, ಸ್ಪರ್ಶ ಯಾವುದರ ಅನುಭವವೂ ಇಲ್ಲದೆ ಗಾಳಿಯಲ್ಲಿ ತೇಲುತ್ತಿರುವ ಮನುಷ್ಯನಿಗೂ ‘ನಾನಿದ್ದೇನೆ’ ಎಂಬ ಅರಿವು ಇದ್ದೇ ಇರುತ್ತದೆ ಎಂದು ಅವರು ಹೇಳಿದ್ದರು.

ಡೆಕಾರ್ಟ್‌ನ ಕೃತಿಯನ್ನು ಓದಿದವರಲ್ಲಿ ಎಲಿಜಬೆತ್ ಎಂಬ 24 ವರ್ಷದ ತರುಣಿ ಒಬ್ಬಳು. ಬೊಹೀಮಿಯಾದ ರಾಜಕುವರಿಯಾದ ಅವಳು ದೇಶಭ್ರಷ್ಟ ಕುಟುಂಬದೊಂದಿಗೆ ಹೇಗ್ ನಗರದಲ್ಲಿದ್ದಳು. 1643ರ ಮೇ ತಿಂಗಳಲ್ಲಿ ಅವಳು ಡೆಕಾರ್ಟ್‌ಗೆ ಪತ್ರ ಬರೆದಳು. ಉದ್ದಗಲವೇ ಇಲ್ಲದ, ಯಾವುದನ್ನೂ ಮುಟ್ಟಲಾರದ ಆತ್ಮ ದೇಹದ ಅಂಗಗಳನ್ನು ಹೇಗೆ ಚಲಿಸುತ್ತದೆ ಎಂಬುದು ಅವಳ ಪ್ರಶ್ನೆ. ಜೂನ್ ತಿಂಗಳ ಪತ್ರದಲ್ಲಿ ಅವಳು ಇನ್ನಷ್ಟು ಮುಂದೆ ಹೋದಳು. ಚೆನ್ನಾಗಿ ವಿಚಾರ ಮಾಡುವ ಶಕ್ತಿಯೂ ಅಭ್ಯಾಸವೂ ಇರುವ ಆತ್ಮ, ಕೇವಲ ದೇಹದಲ್ಲಿ ಏಳುವ ಆವಿಗಳಿಂದಾಗಿ ಅದನ್ನೆಲ್ಲ ಕಳೆದುಕೊಳ್ಳುವುದು ಹೇಗೆ? ದೇಹವಿಲ್ಲದೆಯೂ ಇರಬಲ್ಲದ್ದು ದೇಹಕ್ಕೆ ಇಷ್ಟೊಂದು ಅಧೀನವಾಗುವುದು ಏಕೆ? ದೇಹದ ಆವಿಗಳು ಮಿದುಳಿಗೇರುತ್ತವೆ ಎಂಬುದು ಆ ಕಾಲದ ವೈದ್ಯರ ಭಾಷೆ. ಇಂದಿನ ಭಾಷೆಯಲ್ಲಿ ಇದು ಮಿದುಳಿನ ಕಾಯಿಲೆಯ ಕುರಿತ ಪ್ರಶ್ನೆ.

ಡೆಕಾರ್ಟ್‌ನ ಉತ್ತರ ಗಮನಾರ್ಹ. ಆತ್ಮ ಮತ್ತು ದೇಹದ ಐಕ್ಯ ತತ್ವಚಿಂತನೆಯಿಂದ ತಿಳಿಯುವುದಲ್ಲ, ನಿತ್ಯದ ಬದುಕಿನಿಂದ, ಸಾಮಾನ್ಯ ಮಾತುಕತೆಯಿಂದ ತಿಳಿಯುವುದು ಎಂದು ಅವನು ಬರೆದ. ದೋಣಿಯಲ್ಲಿ ಅಂಬಿಗ ಕುಳಿತಿರುವಂತೆ ಆತ್ಮ ದೇಹದಲ್ಲಿ ಕುಳಿತಿಲ್ಲ ಎಂದು ತನ್ನ ಕೃತಿಯಲ್ಲೂ ಒಪ್ಪಿಕೊಂಡಿದ್ದ. ದೋಣಿಗೆ ಪೆಟ್ಟಾದರೆ ಅಂಬಿಗ ಅದನ್ನು ನೋಡಿ ತಿಳಿಯುತ್ತಾನೆ, ದೇಹಕ್ಕೆ ಪೆಟ್ಟಾದರೆ ನಾವು ನೋಡಿ ತಿಳಿಯುವುದಿಲ್ಲ, ನೋಯುತ್ತೇವೆ. ಆದರೂ ಮುಂದೆ ಯೂರೋಪ್ ಅವನಿಂದ ಕಲಿತದ್ದು ಐಕ್ಯವನ್ನಲ್ಲ, ಬೇರ್ಪಡೆಯನ್ನು. ದೇಹ ಒಂದು ಯಂತ್ರ, ಯೋಚಿಸುವ ಭಾಗವೇ ನಿಜವಾದ ಮನುಷ್ಯ ಎಂಬ ಭಾವನೆ ಅಲ್ಲಿಂದ ಹರಡಿ ನಮ್ಮ ಮನೆಗಳನ್ನೂ ತಲುಪಿದೆ. “ದೇಹ ಮಾತ್ರ ಉಳಿದಿದೆ” ಎನ್ನುವವರು ಡೆಕಾರ್ಟ್‌ನನ್ನು ಓದಿರಬೇಕಾಗಿಲ್ಲ. ಸ್ಮರಣೆ ಹೋದರೆ ಮನುಷ್ಯ ಹೋದ ಎಂದು ಅವರು ಈಗಾಗಲೇ ನಂಬಿದ್ದಾರೆ.

ನಮ್ಮ ಉಲಮಾಗಳ ದಾರಿ

ಅದೇ ಕಾಲದ ಮುಸ್ಲಿಮ್ ವಿದ್ವಾಂಸರು ಏನು ಹೇಳುತ್ತಿದ್ದರು? ಕೈರೋದ ಇಬ್ರಾಹೀಮ್ ಅಲ್ಲಕಾನೀ ನಿಧನರಾದದ್ದು ಹಿಜರಿ 1041ರಲ್ಲಿ. ಅವರ ‘ಜೌಹರತುತ್ತೌಹೀದ್’ ಎಂಬ ಪದ್ಯಗ್ರಂಥವನ್ನು ಅಝ್ಹರ್‌ನಿಂದ ಜಾವಾದವರೆಗೆ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಶರೀಅತ್‌ನಲ್ಲಿ ಸ್ಪಷ್ಟ ಪ್ರಮಾಣ ಬಂದಿಲ್ಲವಾದ್ದರಿಂದ ರೂಹ್‌ನ ಸ್ವರೂಪದ ಆಳಕ್ಕೆ ಇಳಿಯಬಾರದು ಎಂದು ಅವರು ಎಚ್ಚರಿಸುತ್ತಾರೆ. ಜೊತೆಗೆ, ರೂಹ್ ದೇಹದ ಆಕಾರದಂತಹ ಒಂದು ರೂಪ ಎಂಬ ಅಭಿಪ್ರಾಯ ಮಾಲಿಕೀ ಪರಂಪರೆಯಲ್ಲಿದೆ ಎಂಬುದನ್ನೂ ಉಲ್ಲೇಖಿಸುತ್ತಾರೆ. ಇದು ಸಂಯಮದ ದಾರಿ.

ಎರಡನೆಯದು ವಿಚಾರದ ದಾರಿ. ಡೆಕಾರ್ಟ್‌ನ ಸಮಕಾಲೀನರಾದ ಶೀರಾಝ್‌ನ ಮುಲ್ಲಾ ಸದ್ರಾ ಶಿಯಾ ಪರಂಪರೆಯವರು. ಆದರೂ ಅವರು ಬರೆದ ‘ಹಿದಾಯತುಲ್ ಹಿಕ್ಮಃ’ದ ವ್ಯಾಖ್ಯಾನ ಭಾರತದ ಸುನ್ನಿ ಮದ್ರಸಾಗಳ ದರ್ಸೆ ನಿಝಾಮಿಯಲ್ಲಿ ಪಠ್ಯವಾಯಿತು. ವಿದ್ಯಾರ್ಥಿಗಳು ಆ ಗ್ರಂಥವನ್ನೇ ‘ಸದ್ರಾ’ ಎಂದು ಕರೆಯುತ್ತಿದ್ದರು. ತತ್ವಜ್ಞಾನಿಗಳು ನಫ್ಸ್ ಎಂದು ಕರೆಯುವ ಮನುಷ್ಯಾತ್ಮ ಆರಂಭದಲ್ಲಿ ದೈಹಿಕ, ಉಳಿಕೆಯಲ್ಲಿ ಆತ್ಮಿಕ ಎಂಬುದು ಸದ್ರಾರ ಪ್ರಸಿದ್ಧ ನಿಲುವು. ಅದು ಎಲ್ಲಿಂದಲೋ ಬಂದು ಸಿದ್ಧವಾದ ದೇಹದಲ್ಲಿ ಇಳಿಯುವ ಪ್ರಯಾಣಿಕನಲ್ಲ. ಭ್ರೂಣದ ಜೊತೆಗೇ ಆರಂಭವಾಗಿ, ಹಂತ ಹಂತವಾಗಿ ಮೇಲೇರಿ, ಕೊನೆಗೆ ದೇಹವಿಲ್ಲದೆಯೂ ನಿಲ್ಲುವ ಬಲ ಪಡೆಯುತ್ತದೆ. ಸಹಜ ಮರಣ ಬರುವುದು ದೇಹ ಸವೆಯುವುದರಿಂದ ಮಾತ್ರವಲ್ಲ, ಆತ್ಮ ಪಕ್ವಗೊಂಡು ಇನ್ನೊಂದು ಲೋಕದತ್ತ ಮುಖ ಮಾಡುವುದರಿಂದ ಎಂದೂ ಅವರು ವಾದಿಸಿದರು. ಅವರ ಎಲ್ಲ ಮಾತುಗಳನ್ನು ನಮ್ಮ ಉಲಮಾಗಳು ಒಪ್ಪಿಲ್ಲ. ಆದರೆ ಅಲ್ ಮೂಮಿನೂನ್ ಅಧ್ಯಾಯದ 12ರಿಂದ 14ರವರೆಗಿನ ಸೂಕ್ತಗಳನ್ನು ಓದುವಾಗ, ಮಣ್ಣಿನ ಸಾರದಿಂದ ಹನಿಗೆ, ಹನಿಯಿಂದ ಮಾಂಸಕ್ಕೆ, ಎಲುಬಿಗೆ, ಕೊನೆಗೆ ಬೇರೊಂದೇ ಸೃಷ್ಟಿಯಾಗಿ ಮನುಷ್ಯ ಮೂಡುವ ಕ್ರಮ ಕಣ್ಣೆದುರು ನಿಲ್ಲುತ್ತದೆ.

ಮೂರನೆಯವರು ದೆಹಲಿಯ ಶಾಹ್ ವಲಿಯ್ಯುಲ್ಲಾಹ್ (1703–1762). ‘ಹುಜ್ಜತುಲ್ಲಾಹಿಲ್ ಬಾಲಿಗಃ’ದಲ್ಲಿ ರೂಹ್‌ನ ಸ್ವರೂಪದ ಕುರಿತೇ ಅವರು ಒಂದು ಅಧ್ಯಾಯ ಬರೆದಿದ್ದಾರೆ. ಅಲ್ಲಿ ಅವರು ಎರಡು ಸ್ತರಗಳನ್ನು ಗುರುತಿಸುತ್ತಾರೆ. ಮೊದಲನೆಯದು ಹೃದಯದಲ್ಲಿ ಹುಟ್ಟುವ ಸೂಕ್ಷ್ಮವಾದ ಜೀವಾಂಶ. ದೇಹದ ರಸಗಳು ಕೆಟ್ಟಾಗ ಇದೂ ಕೆಡುತ್ತದೆ. ಎರಡನೆಯದು ನಿಜವಾದ ರೂಹ್. ಅದಕ್ಕೆ ಈ ಜೀವಾಂಶ ಒಂದು ವಾಹನ ಮಾತ್ರ. ಇದಕ್ಕೆ ಅವರು ಕೊಡುವ ಯುಕ್ತಿ ಸರಳವಾದುದು. ಒಬ್ಬ ಮನುಷ್ಯ ಮಗುವಾಗಿದ್ದು ಮುದುಕನಾಗುತ್ತಾನೆ, ದೇಹದ ರಸಗಳು ಸಾವಿರಾರು ಸಲ ಬದಲಾಗುತ್ತವೆ, ಒಮ್ಮೆ ಅಜ್ಞಾನಿಯಾಗಿದ್ದವನು ಮತ್ತೊಮ್ಮೆ ಜ್ಞಾನಿಯಾಗುತ್ತಾನೆ. ಆದರೂ ಅವನು ಅವನೇ. ಆದ್ದರಿಂದ ಅವನನ್ನು ಅವನನ್ನಾಗಿಸಿರುವುದು ಈ ಬದಲಾಗುವ ಗುಣಗಳಲ್ಲ.

ಈ ಮಾತನ್ನು ಒಮ್ಮೆ ತಿರುಗಿಸಿ ನೋಡಿ. ಅಜ್ಞಾನಿ ಜ್ಞಾನಿಯಾದಾಗ ಅವನು ಬೇರೆ ಮನುಷ್ಯನಾಗದಿದ್ದರೆ, ತಿಳಿದಿದ್ದವರು ಎಲ್ಲವನ್ನೂ ಮರೆತಾಗ ಅವರು ಇಲ್ಲವಾಗುವುದು ಹೇಗೆ?

ಮನೆಯೊಳಗೆ ಕಂಡದ್ದು

ನನ್ನ ತಾಯಿ ಮನೆಯ ಲೆಕ್ಕವನ್ನು ಬರೆದಿಡದೆ ನೆನಪಿನಲ್ಲೇ ಇಟ್ಟುಕೊಂಡಿದ್ದವರು. ತಂದೆ ಕೊಲ್ಲಿ ದೇಶದಲ್ಲಿದ್ದ ವರ್ಷಗಳಲ್ಲಿ ಮಕ್ಕಳ ಓದು, ಅಡುಗೆಮನೆ, ನೆರೆಯವರ ಸಾಲ ಎಲ್ಲವೂ ಅವರ ತಲೆಯಲ್ಲಿದ್ದವು. ಇಂದು ಅವರಿಗೆ ನನ್ನ ಹೆಸರು ತಿಳಿಯದು. ಎಷ್ಟೋ ದಿನ ನನ್ನನ್ನು ತಮ್ಮ ತೀರಿಹೋದ ಅಣ್ಣನೆಂದು ಭಾವಿಸುತ್ತಾರೆ. ನಡುರಾತ್ರಿ ಎದ್ದು ಅಕ್ಕಿಯ ಡಬ್ಬಿ ಹುಡುಕುತ್ತಾರೆ, ತಂದೆ ಊರಿಗೆ ಬರುವ ಹೊತ್ತಾಯಿತು ಎನ್ನುತ್ತಾರೆ. ಒಂದು ದಿನ ನನ್ನನ್ನು ದೀರ್ಘವಾಗಿ ನೋಡಿ, “ನೀನು ಯಾರ ಮಗ?” ಎಂದು ಕೇಳಿದರು. ತಂದೆಯ ಹೆಸರು ಹೇಳಿದೆ. ಮುಖ ಅರಳಿತು. “ಅವರು ಒಳ್ಳೆಯವರು” ಎಂದರು.

ಆದರೆ ವುಝೂ ಮಾಡಿಸಲು ಕುಳ್ಳಿರಿಸಿ ನೀರು ಹೊಯ್ದಾಗ ಆ ಕೈಗಳು ತಾವಾಗಿಯೇ ಎಚ್ಚರಗೊಳ್ಳುತ್ತವೆ. ಮೊದಲು ಅಂಗೈ, ಬಳಿಕ ಬಾಯಿ, ಮೂಗು, ಮುಖ. ಬಲಗೈ ಮೊದಲು, ಮೊಣಕೈಯವರೆಗೆ, ನಂತರ ಎಡಗೈ. ಒಮ್ಮೆ ಅವಸರದಲ್ಲಿದ್ದ ಮೊಮ್ಮಗಳು ಎಡಗೈಗೆ ಮೊದಲು ನೀರು ಹೊಯ್ದಾಗ ಅವರು ಅದನ್ನು ಹಿಂದಕ್ಕೆಳೆದುಕೊಂಡು ಬಲಗೈ ಮುಂದೆ ಚಾಚಿದರು. ಅಝಾನ್ ಕೇಳಿದೊಡನೆ ಕೈ ಸೆರಗಿನತ್ತ ಹೋಗುತ್ತದೆ. ಬೆರಳುಗಳು ತಸ್ಬೀಹ್ ಎಣಿಸುತ್ತವೆ, ಎಷ್ಟಾಯಿತೆಂಬ ಲೆಕ್ಕ ಮಾತ್ರ ಇರುವುದಿಲ್ಲ.

ಘಟನೆಗಳ ನೆನಪು ಬೇರೆ, ಅಭ್ಯಾಸದ ನೆನಪು ಬೇರೆ, ಮೊದಲನೆಯದು ಅಳಿದ ಬಳಿಕವೂ ಎರಡನೆಯದು ಬಹುಕಾಲ ಉಳಿಯಬಲ್ಲದು ಎಂದು ವೈದ್ಯರು ವಿವರಿಸುತ್ತಾರೆ. ಆ ವಿವರಣೆ ಸರಿಯೇ. ಅದರ ಪಕ್ಕದಲ್ಲಿ ಇಮಾಮ್ ಗಝಾಲಿಯವರ ಒಂದು ಮಾತನ್ನೂ ಇಡಬಯಸುತ್ತೇನೆ. ‘ಇಹ್ಯಾ’ದಲ್ಲಿ ಅವರು ಹೃದಯ ಮತ್ತು ಅಂಗಾಂಗಗಳ ನಡುವೆ ಎರಡೂ ದಿಕ್ಕಿನ ಹರಿವಿದೆ ಎನ್ನುತ್ತಾರೆ. ಹೃದಯದ ಗುಣ ಅಂಗಗಳಿಗೆ ಇಳಿಯುತ್ತದೆ, ಅಂಗಗಳ ಕರ್ಮದ ಫಲ ಹೃದಯಕ್ಕೆ ಏರುತ್ತದೆ. ಸುಂದರ ಅಕ್ಷರ ಬರೆಯಲು ಬಯಸುವವನು ಮೊದಲು ಕೈಯಿಂದ ತಿದ್ದುತ್ತಾನೆ, ತಿದ್ದಿ ತಿದ್ದಿ ಆ ಕಲೆ ಅವನ ಸ್ವಭಾವವೇ ಆಗುತ್ತದೆ. ಅರವತ್ತು ವರ್ಷ ದಿನಕ್ಕೆ ಐದು ಸಲ ತೊಳೆದ ಆ ಕೈಗಳಲ್ಲಿ ಇರುವುದು ಕೇವಲ ಸ್ನಾಯುಗಳ ಚಲನೆಯೇ? ಒಂದು ರೂಹ್ ತನ್ನ ಆಯುಷ್ಯವಿಡೀ ಆ ದೇಹಕ್ಕೆ ಕಲಿಸಿದ್ದು ಅದು. ಕಲಿಸಿದವಳು ಹೋಗಿದ್ದಾಳೆ, ಕಲಿತದ್ದು ಮಾತ್ರ ಉಳಿದಿದೆ ಎಂದು ಹೇಳುವ ಅಧಿಕಾರ ಯಾರಿಗಿದೆ?

ರೂಹ್ ಹೋದುದಕ್ಕೆ ನಮ್ಮ ದೀನ್‌ನಲ್ಲಿ ಹೆಸರಿದೆ. ಅದು ಮರಣ. ಅಬೂ ಸಲಮಃ(ರ)ರು ಮೃತಪಟ್ಟಾಗ ಪ್ರವಾದಿಯವರು(ಸ) ಅವರ ತೆರೆದಿದ್ದ ಕಣ್ಣುಗಳನ್ನು ಮುಚ್ಚಿ, ರೂಹ್ ಹೊರಟಾಗ ದೃಷ್ಟಿ ಅದನ್ನು ಹಿಂಬಾಲಿಸುತ್ತದೆ ಎಂದು ತಿಳಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದು ವರದಿಯಾಗಿದೆ. ಆ ಕ್ಷಣದವರೆಗೆ ರೂಹ್ ಅಲ್ಲಿಯೇ ಇದೆ. ಕಣ್ಣು ತೆರೆದು ನೋಡುತ್ತಿರುವ ಮನುಷ್ಯನ ರೂಹ್ ಹೋಗಿದೆ ಎನ್ನುವುದು, ಅತ್ಯಲ್ಪ ಜ್ಞಾನವಷ್ಟೇ ಕೊಡಲ್ಪಟ್ಟಿರುವ ವಿಷಯದಲ್ಲಿ ತೀರ್ಪು ಕೊಟ್ಟಂತೆ.

ಕರ್ಮಶಾಸ್ತ್ರದ ತೀರ್ಮಾನ

ತತ್ವಜ್ಞಾನ ತಡವರಿಸಿದಲ್ಲಿ ಫಿಕ್ಹ್ ಸ್ಪಷ್ಟವಾಗಿದೆ. ನಿದ್ರಿಸುವವನು ಎಚ್ಚರವಾಗುವವರೆಗೆ, ಮಗು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ಕಳೆದುಕೊಂಡವನಿಗೆ ಬುದ್ಧಿ ಮರಳುವವರೆಗೆ ಲೇಖನಿ ಎತ್ತಲ್ಪಟ್ಟಿದೆ ಎಂದು ಹದೀಸ್‌ನಲ್ಲಿದೆ. ನಮಾಝ್, ಉಪವಾಸಗಳ ಹೊಣೆ ಅವರ ಮೇಲಿಲ್ಲ. ಆದರೆ ಹೊಣೆ ಇಳಿದ ಮಾತ್ರಕ್ಕೆ ವ್ಯಕ್ತಿ ಇಲ್ಲವಾಗುವುದಿಲ್ಲ. ಅವರ ಆಸ್ತಿ ಅವರದ್ದೇ. ಶಾಫಿಈ ಮದ್‌ಹಬ್‌ನ ಪ್ರಕಾರ ಬುದ್ಧಿ ಕಳೆದುಕೊಂಡವರ ಸಂಪತ್ತಿನಲ್ಲಿಯೂ ಝಕಾತ್ ಕಡ್ಡಾಯ, ಪೋಷಕರು ಅವರ ಪರವಾಗಿ ಕೊಡಬೇಕು. ಲೋಕದ ಕಣ್ಣಿಗೆ ಅವರು ‘ಇಲ್ಲದವರು’ ಆಗಿರಬಹುದು, ಬಡವನ ಹಕ್ಕು ಅವರ ಸೊತ್ತಿನಲ್ಲಿ ಈಗಲೂ ಇದೆ.

ಇನ್ನೊಂದು ಹದೀಸ್ ಅಬೂ ಮೂಸಾ ಅಲ್ ಅಶ್‌ಅರೀ(ರ)ರಿಂದ ಬುಖಾರಿಯಲ್ಲಿ ಬಂದಿದೆ. ದಾಸನು ಕಾಯಿಲೆ ಬಿದ್ದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯದಲ್ಲಿದ್ದು ಊರಿನಲ್ಲಿದ್ದಾಗ ಮಾಡುತ್ತಿದ್ದ ಕರ್ಮಗಳಂತೆಯೇ ಅವನಿಗಾಗಿ ಬರೆಯಲ್ಪಡುತ್ತದೆ. ನಮ್ಮ ಹಿರಿಯರು ತಾವು ಮಾಡಿದ್ದನ್ನು ಮರೆತಿರಬಹುದು, ಬರೆಯುವವರು ಮರೆತಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಾಂತ್ವನ ಸಿಕ್ಕಿಲ್ಲ.

ರೂಹ್ ನಿಜವಾಗಿಯೂ ಹೋದ ಬಳಿಕದ ದೇಹವನ್ನು ನಮ್ಮ ಗ್ರಂಥಗಳು ಹೇಗೆ ಕಾಣುತ್ತವೆ ಎಂಬುದನ್ನೂ ಗಮನಿಸಿ. ಇದೇ ಕರಾವಳಿಯ ದಕ್ಷಿಣದ ಪೊನ್ನಾನಿಯಲ್ಲಿ 16ನೆಯ ಶತಮಾನದಲ್ಲಿ ಝೈನುದ್ದೀನ್ ಮಖ್ದೂಮ್‌ರು ಬರೆದ ‘ಫತ್‌ಹುಲ್ ಮುಈನ್’ ಆಗಲಿ, ಅದಕ್ಕಿಂತ ಹಳೆಯದಾದ ಇಮಾಮ್ ನವವಿಯವರ ‘ಮಿನ್‌ಹಾಜ್’ ಆಗಲಿ, ಮಯ್ಯಿತ್‌ನ ಸ್ನಾನಕ್ಕೆ ವಿವರವಾದ ಮರ್ಯಾದೆಗಳನ್ನು ವಿಧಿಸುತ್ತವೆ. ಮರೆಯಾದ ಸ್ಥಳವಿರಬೇಕು, ಎತ್ತರದ ಹಲಗೆಯಿರಬೇಕು, ಮೈಮೇಲೆ ಅಂಗಿಯಿರಬೇಕು. ಮೃತನ ಎಲುಬನ್ನು ಮುರಿಯುವುದು ಜೀವಂತನ ಎಲುಬನ್ನು ಮುರಿದಂತೆ ಎಂದು ಆಯಿಶಾ(ರ)ರ ವರದಿಯೊಂದರಲ್ಲಿದೆ. ಯಹೂದಿಯೊಬ್ಬನ ಶವಯಾತ್ರೆಗೆ ಎದ್ದು ನಿಂತ ಪ್ರವಾದಿಯವರು(ಸ), ಕಾರಣ ಕೇಳಿದವರಿಗೆ ಅದೂ ಒಂದು ಮನುಷ್ಯ ಜೀವವಲ್ಲವೇ ಎಂದು ಮರುಪ್ರಶ್ನಿಸಿದರು. ರೂಹ್ ಬಿಟ್ಟುಹೋದ ದೇಹಕ್ಕೇ ಇಷ್ಟು ಮರ್ಯಾದೆಯಿದ್ದರೆ, ರೂಹ್ ಇನ್ನೂ ನೆಲೆಸಿರುವ ದೇಹಕ್ಕೆ ಎಷ್ಟಿರಬೇಕು?

ಇಬ್ನು ಅಬ್ಬಾಸ್(ರ)ರ ಹೆಸರಿನಲ್ಲಿ ಬಂದಿರುವ ಒಂದು ದೃಷ್ಟಾಂತವನ್ನು ಇಬ್ನು ಕಸೀರ್ ತಮ್ಮ ತಫ್ಸೀರ್‌ನಲ್ಲಿ ಉಲ್ಲೇಖಿಸಿದ್ದಾರೆ. ಅಂತ್ಯದಿನದಂದು ರೂಹ್ ಮತ್ತು ದೇಹ ಪರಸ್ಪರ ದೂರಿಕೊಳ್ಳುತ್ತವೆ. ಪಾಪ ಮಾಡಿದ್ದು ನೀನು ಎಂದು ರೂಹ್, ಅಪ್ಪಣೆ ಕೊಟ್ಟದ್ದು ನೀನು ಎಂದು ದೇಹ. ಆಗ ಮಲಕ್ ಒಬ್ಬರು ಕಥೆ ಹೇಳುತ್ತಾರೆ. ತೋಟವೊಂದಕ್ಕೆ ಒಬ್ಬ ಕುಂಟ, ಒಬ್ಬ ಕುರುಡ ಹೋದರು. ಕುಂಟನಿಗೆ ಹಣ್ಣು ಕಾಣುತ್ತದೆ, ನಡೆಯಲಾಗದು. ಕುರುಡನಿಗೆ ನಡೆಯಲಾಗುತ್ತದೆ, ಹಣ್ಣು ಕಾಣದು. ಕುರುಡನ ಹೆಗಲೇರಿ ಕುಂಟ ಹಣ್ಣು ಕಿತ್ತ. ಅಪರಾಧಿ ಯಾರು? ಇಬ್ಬರೂ ಎಂದು ರೂಹ್ ಮತ್ತು ದೇಹ ಒಪ್ಪಿಕೊಳ್ಳುತ್ತವೆ. ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡಂತಾಯಿತು.

ಕುಂಟ ಮತ್ತು ಕುರುಡರ ಉಪಮೆ ಭಾರತದ ಸಾಂಖ್ಯ ದರ್ಶನದಲ್ಲೂ ಇದೆ. ಅಲ್ಲಿ ನೋಡುವ ಪುರುಷ ಕುಂಟ, ನಡೆಯುವ ಪ್ರಕೃತಿ ಕುರುಡು. ಗುರಿ ತಲುಪಿದೊಡನೆ ಇಬ್ಬರೂ ಅಗಲುತ್ತಾರೆ. ನಮ್ಮ ದೃಷ್ಟಾಂತದಲ್ಲಿ ಅವರು ಅಗಲುವುದಿಲ್ಲ. ಒಟ್ಟಿಗೆ ದುಡಿದವರು ಒಟ್ಟಿಗೇ ನ್ಯಾಯಾಲಯದಲ್ಲಿ ನಿಲ್ಲುತ್ತಾರೆ.

ಒಂದೇ ಅಧ್ಯಾಯದ ಸೂಕ್ತಗಳು

ಈಗ ಬನೀ ಇಸ್ರಾಈಲ್ ಅಧ್ಯಾಯವನ್ನು ಮತ್ತೊಮ್ಮೆ ತೆರೆಯೋಣ. ರೂಹ್‌ನ ಕುರಿತು ನಮಗೆ ಕೊಟ್ಟಿರುವುದು ಅಲ್ಪ ಜ್ಞಾನವೆಂದು ತಿಳಿಸಿದ್ದು ಅದರ 85ನೆಯ ಸೂಕ್ತ. ಆದಮರ ಸಂತತಿಯನ್ನು ಅಲ್ಲಾಹನು ಗೌರವಿಸಿರುವುದಾಗಿ ಸಾರಿದ್ದು 70ನೆಯ ಸೂಕ್ತ. ಅಲ್ಲಿ ಬುದ್ಧಿವಂತರನ್ನು ಮಾತ್ರ, ನೆನಪಿರುವವರನ್ನು ಮಾತ್ರ ಎಂಬ ಷರತ್ತಿಲ್ಲ. ಎಲುಬು ಹುಡಿಯಾದ ಬಳಿಕ ಏಳುವುದುಂಟೇ ಎಂದು ಗೇಲಿ ಮಾಡಿದವರಿಗೆ ಉತ್ತರವಿರುವುದು 49ರಿಂದ 51ನೆಯ ಸೂಕ್ತಗಳಲ್ಲಿ. ಕಿವಿ, ಕಣ್ಣು, ಹೃದಯ ಇವೆಲ್ಲದರ ವಿಚಾರಣೆಯಾಗಲಿದೆ ಎಂದು ಎಚ್ಚರಿಸಿದ್ದು 36ನೆಯ ಸೂಕ್ತ.

ಇವೆಲ್ಲಕ್ಕಿಂತ ಮುಂಚೆ, ಅಲ್ಲಾಹನನ್ನಲ್ಲದೆ ಯಾರನ್ನೂ ಆರಾಧಿಸಬಾರದೆಂಬ ಆಜ್ಞೆಯ ಬೆನ್ನಿಗೇ, 23 ಮತ್ತು 24ನೆಯ ಸೂಕ್ತಗಳಿವೆ. ತಂದೆತಾಯಿಯರಲ್ಲಿ ಒಬ್ಬರು ಅಥವಾ ಇಬ್ಬರೂ ನಮ್ಮ ಬಳಿ ಮುಪ್ಪನ್ನು ತಲುಪಿದರೆ ‘ಛೆ’ ಎಂಬಷ್ಟೂ ಬೇಸರ ತೋರಬಾರದು, ಗದರಬಾರದು, ಗೌರವದ ಮಾತನಾಡಬೇಕು, ಕರುಣೆಯಿಂದ ವಿನಯದ ರೆಕ್ಕೆಯನ್ನು ತಗ್ಗಿಸಬೇಕು, ಎಳವೆಯಲ್ಲಿ ಅವರು ನಮ್ಮನ್ನು ಸಾಕಿದ್ದನ್ನು ನೆನೆದು ಪ್ರಾರ್ಥಿಸಬೇಕು. ಎಷ್ಟು ನಿಖರವಾದ ಆದೇಶ! ರೂಹ್‌ನ ಬಗ್ಗೆ ಅಲ್ಪವನ್ನು ತಿಳಿಸಿದ ಅದೇ ಅಧ್ಯಾಯ, ಮುಪ್ಪಿನ ತಂದೆತಾಯಿಯ ವಿಷಯದಲ್ಲಿ ನಾಲಿಗೆಯ ಒಂದು ಉಸಿರಿನ ಮಟ್ಟದವರೆಗೆ ಇಳಿದು ಕಲಿಸಿದೆ. ನಾವು ತಿಳಿಯಲಾರದ್ದನ್ನು ಅಲ್ಲಾಹನು ತನ್ನಲ್ಲಿ ಇಟ್ಟುಕೊಂಡ, ನಾವು ಮಾಡಬೇಕಾದುದನ್ನು ಮುಚ್ಚಿಡಲಿಲ್ಲ.

ಎಲ್ಲ ತಿಳಿದ ಬಳಿಕ ಏನೂ ತಿಳಿಯದ ಸ್ಥಿತಿಗೆ ಮರಳಿಸಲ್ಪಡುವ ಆಯುಷ್ಯದ ಕುರಿತು ಅನ್ನಹ್ಲ್ (70) ಮತ್ತು ಅಲ್ ಹಜ್ಜ್ (5) ಅಧ್ಯಾಯಗಳಲ್ಲಿಯೂ ಪ್ರಸ್ತಾಪವಿದೆ. ಆದ್ದರಿಂದ ಇದು ಶಾಪವಲ್ಲ, ಯಾರದೋ ಮಾಟವಲ್ಲ. ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಳಿಸಿದ್ದಾನೆ, ಮುಪ್ಪಿಗೆ ಹೊರತು ಎಂದು ಪ್ರವಾದಿಯವರು(ಸ) ಹೇಳಿದ್ದಾರೆ. ಮರೆವು ಕಾಣಿಸಿಕೊಂಡಾಗ ತಾಯಿತಗಳ ಹಿಂದೆ ಅಲೆದು ತಿಂಗಳುಗಳನ್ನು ಕಳೆಯದೆ ವೈದ್ಯರನ್ನು ಕಾಣಬೇಕು. ಕೆಲವು ಬಗೆಯ ಮರೆವಿಗೆ ಚಿಕಿತ್ಸೆಯೂ ಇದೆ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಮರ್ಯಾದೆಗಳನ್ನು ಹೇಳಿ ಮುಗಿಸುತ್ತೇನೆ. ಬಂದವರು “ನಾನು ಯಾರು ಹೇಳಿ ನೋಡೋಣ” ಎಂದು ಹಿರಿಯರನ್ನು ಪರೀಕ್ಷಿಸುತ್ತಾರೆ. ಅದು ಅವರಿಗೆ ಸೋಲಿನ ಅನುಭವ, ನಮಗೆ ಮೋಜು. ಬದಲಾಗಿ ಸಲಾಮ್ ಹೇಳಿ, ನಮ್ಮ ಹೆಸರನ್ನು ನಾವೇ ಹೇಳೋಣ. ತೀರಿಹೋದವರನ್ನು ಅವರು ಕರೆದರೆ ಪ್ರತಿ ಸಲವೂ ಮರಣವಾರ್ತೆ ಕೊಟ್ಟು ಹೊಸದಾಗಿ ಅಳಿಸಬೇಕಾಗಿಲ್ಲ, ಆ ವ್ಯಕ್ತಿಗಾಗಿ ಜೊತೆಯಲ್ಲಿ ದುಆ ಮಾಡಬಹುದು. ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚಿರಲಿ, ಅನುಮತಿ ಕೇಳುವ ಒಂದು ಮಾತಿರಲಿ. ಅವರ ಮುಂದೆಯೇ ಅವರ ಆಸ್ತಿಯ ಪಾಲಿನ ಚರ್ಚೆ ಬೇಡ. ಅವರು ಬಾಲ್ಯದಲ್ಲಿ ಕಲಿತ ಸೂರಃಗಳನ್ನು ಬಳಿ ಕುಳಿತು ಓದಿ, ತುಟಿಗಳು ಜೊತೆಗೂಡುವುದನ್ನು ನೋಡುವಿರಿ.

ಗಂಡಸರಿಗೆ ಒಂದು ಮಾತು. ನಮ್ಮ ಊರುಗಳಲ್ಲಿ ಈ ಸೇವೆಯ ಭಾರವನ್ನು ಹೊರುವವರು ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ಸೊಸೆಯಂದಿರು. ಮಗ ದುಬೈಯಿಂದ ಹಣ ಕಳುಹಿಸುತ್ತಾನೆ, ರಾತ್ರಿ ಎದ್ದು ಕೂರುವವಳು ಸೊಸೆ. ವಿನಯದ ರೆಕ್ಕೆ ತಗ್ಗಿಸುವ ಆಜ್ಞೆ ಬಂದಿರುವುದು ಮಕ್ಕಳಿಗೆ. ರಜೆಯಲ್ಲಿ ಊರಿಗೆ ಬಂದಾಗಲಾದರೂ ಮಗ ತನ್ನ ಕೈಯಿಂದ ತುತ್ತು ತಿನ್ನಿಸಲಿ, ರಾತ್ರಿಯ ಎಚ್ಚರವನ್ನು ತಾನು ವಹಿಸಿಕೊಳ್ಳಲಿ, ಸೇವೆ ಮಾಡಿದವಳಿಗೆ ವಿಶ್ರಾಂತಿಯನ್ನೂ ಕೃತಜ್ಞತೆಯನ್ನೂ ಕೊಡಲಿ.

ರೂಹ್ ಅಣುವಿನಷ್ಟೋ ದೇಹದಷ್ಟೋ, ಅದು ಮಿದುಳನ್ನು ಹೇಗೆ ಮುಟ್ಟುತ್ತದೆ ಎಂಬುದು ಸೋಂದೆಯಲ್ಲಿಯೂ ಹೇಗ್‌ನಲ್ಲಿಯೂ ಶೀರಾಝ್‌ನಲ್ಲಿಯೂ ತೀರ್ಮಾನವಾಗಲಿಲ್ಲ. ನಾಳೆ ನಮ್ಮನ್ನು ವಿಚಾರಿಸುವುದು ಆ ಪ್ರಶ್ನೆಯ ಕುರಿತಲ್ಲ. ನಮ್ಮ ವಶದಲ್ಲಿದ್ದ ಒಂದು ದುರ್ಬಲ ದೇಹವನ್ನು, ಅದರಲ್ಲಿದ್ದ ಅಲ್ಲಾಹನ ಅಮಾನತ್ತನ್ನು ಹೇಗೆ ನೋಡಿಕೊಂಡೆವು ಎಂಬುದರ ಕುರಿತು.

ಅಲ್ಲಾಹನೇ, ಆಯುಷ್ಯದ ಅತ್ಯಂತ ದುರ್ಬಲ ಘಟ್ಟದಿಂದ ನಿನ್ನ ಪ್ರವಾದಿ(ಸ) ಅಭಯ ಬೇಡಿದಂತೆ ನಾವೂ ಬೇಡುತ್ತೇವೆ. ಆ ಘಟ್ಟದಲ್ಲಿರುವ ನಮ್ಮ ತಂದೆತಾಯಿಯರ ಮೇಲೆ ಕರುಣೆಯಿರಿಸು. ಅವರು ಮರೆತ ಪ್ರತಿಯೊಂದು ಸತ್ಕರ್ಮವನ್ನೂ ನೀನು ನೆನಪಿನಲ್ಲಿಡು. ಅವರ ಸೇವೆಯಲ್ಲಿರುವವರ ಕೈಗಳಿಗೆ ಬಲವನ್ನೂ ನಾಲಿಗೆಗೆ ಮೃದುತ್ವವನ್ನೂ ದಯಪಾಲಿಸು. ಆಮೀನ್.